ಒಳಗೂ ಹೊಳೆಯುವ ಫಿಲ್ಟರ್

ಭಟ್ಕಳ
6 ಏಪ್ರಿಲ್ 2025

ಅಕ್ಕನಿಗೆ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಯುಗಾದಿಯ ದಿನ ನಿನ್ನ ಮನೆಯಲ್ಲಿ ಕುಡಿದ ಒಂದೇ ಒಂದು ಗುಟುಕು ಕಾಫಿ ಇನ್ನೂ ನನ್ನ ನಾಲಿಗೆಯ ಬುಡ ಬಿಟ್ಟು ಹೋಗಿಲ್ಲ. ಮನೆಗೆ ಬಂದು ಉಪ್ಪುನೀರು ಮುಕ್ಕಳಿಸಿದೆ, ಲವಂಗ ಜಗಿದೆ, ಹಸಿ ಶುಂಠಿ ಕಚ್ಚಿದೆ. ಮರುದಿನ ಆಫೀಸಿನಲ್ಲಿ ಕೂತಾಗಲೂ ಹಳೆಯ ಬೀಗದ ಕೈಯನ್ನು ಬಾಯಲ್ಲಿ ಇಟ್ಟುಕೊಂಡ ಹಾಗೆ ಆಗುತ್ತಿತ್ತು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಅರ್ಧ ಮಾತಿಗೆ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ಭಟ್ಕಳದಿಂದ ಕುಮಟಾಕ್ಕೆ ಒಂದೂವರೆ ತಾಸಿನ ದಾರಿ, ಅದಕ್ಕೂ ಅಂಚೆಯೇ ಎಂದು ನಮ್ಮನೆಯವರು ನಗುತ್ತಿದ್ದಾರೆ. ನಗಲಿ.

ಬಾವನ ಕಡೆಯ ನೆಂಟರೆಲ್ಲ ಜಗಲಿಯಲ್ಲಿ ಕೂತಿರುವಾಗ ನಾನು ಹಿತ್ತಿಲಿಗೆ ಓಡಿ ಬಾಳೆಯ ಬುಡಕ್ಕೆ ಉಗಿದದ್ದು ತಪ್ಪು. "ಇದೆಂತ ಹೇಸಿಗೆ ಅಕ್ಕ, ನುಂಗಲೆ ಆಗ್ತಿಲ್ಲೆ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದದ್ದೂ ತಪ್ಪು. ಆದರೆ ಕಾಫಿ ಹೇಸಿಗೆಯಾಗಿತ್ತು ಎಂಬ ಮಾತಿನಲ್ಲಿ ತಪ್ಪಿಲ್ಲ. ನೀನು ಕಾಫಿ ಮಾಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಪುಡಿಯ ಡಬ್ಬಕ್ಕೆ ಮುಚ್ಚಳ ಇಲ್ಲ, ಪಕ್ಕದಲ್ಲಿ ಇಂಗಿನ ಡಬ್ಬ. ಪುಡಿಯಲ್ಲಿ ಅರ್ಧ ಚಿಕೋರಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಗೇರಿಸಿ ಕೊತಕೊತ ಕುದಿಸುತ್ತೀಯ. ಕೆನೆ ಕಟ್ಟಿದ ಹಾಲನ್ನು ಸೌಟಿನಲ್ಲಿ ಕದಡಿ ಸುರಿಯುತ್ತೀಯ. ನಿನ್ನ ಅಡುಗೆಮನೆಯಲ್ಲಿ ನೋಡಲು ಚೆಂದ ಇದ್ದದ್ದು ಆಯಿಯ ಹಿತ್ತಾಳೆ ಫಿಲ್ಟರ್ ಒಂದೇ. ಅದನ್ನು ಮಾತ್ರ ಒಳಗೂ ಹೊರಗೂ ಬಂಗಾರದ ಹಾಗೆ ಇಟ್ಟಿದ್ದೀಯ, ಒಪ್ಪಿದೆ.

ಇಷ್ಟು ಬರೆಯುವುದು ನನ್ನ ನಾಲಿಗೆಗಾಗಿ ಅಲ್ಲ. ನಮ್ಮನ್ನು ಹೆತ್ತ ಆಯಿಯನ್ನು ನೋಡಿದೆಯಾ? ಹೊನ್ನಾವರದ ಮನೆ ಬಾಡಿಗೆಗೆ ಕೊಟ್ಟು ನಿನ್ನಲ್ಲಿಗೆ ಬಂದಾಗ ಹೇಗಿದ್ದಳು, ಈಗ ಹೇಗಿದ್ದಾಳೆ? ಬಳೆ ಮೊಣಕೈವರೆಗೆ ಜಾರುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆ ಕಾಫಿ ಕುಡಿದು ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತದೆ ಎಂದು ಮುದುಡಿಕೊಂಡು ಮಲಗಿದ್ದಳು. ಅನ್ನದ ವಾಸನೆಗೇ ಓಕರಿಸಿದಳು. ಕೇಳಿದರೆ ಯಥಾಪ್ರಕಾರ "ಅಡ್ಡಿಲ್ಲೆ". ಆಯಿಯ ಅಡ್ಡಿಲ್ಲೆ ನಿನಗೆ ಗೊತ್ತಿಲ್ಲವೇ? ಅನ್ನ ಸೀದರೂ ಅಡ್ಡಿಲ್ಲೆ, ಸಾರಿಗೆ ಉಪ್ಪು ಬೀಳದಿದ್ದರೂ ಅಡ್ಡಿಲ್ಲೆ, ಜಾರಿ ಬಿದ್ದು ಸೊಂಟ ನೋಯುವಾಗಲೂ ಅಡ್ಡಿಲ್ಲೆ.

ಕಾಫಿ ಸರಿ ಮಾಡು. ಆಗದಿದ್ದರೆ ಆಯಿಯನ್ನು ಇಲ್ಲಿಗೆ ಕಳಿಸು.

ಪೂರ್ಣಿಮಾ


ಕುಮಟಾ
15 ಏಪ್ರಿಲ್ 2025

ಪೂರ್ಣಿ,

ನಿನ್ನ ಕಾಗದ ಬಂತು. ಓದಿ ಮಡಚಿ ಒಲೆಗೆ ಹಾಕೋಣ ಎಂದುಕೊಂಡೆ. ಗ್ಯಾಸಿನ ಒಲೆಯಾದ್ದರಿಂದ ಉಳಿಯಿತು.

ಭಟ್ಕಳದ ಬಂದರದ ಹತ್ತಿರ ಇಷ್ಟು ವರ್ಷ ಸಂಸಾರ ಮಾಡಿ, ಒಣಮೀನಿನ ವಾಸನೆಗೆ ಉದುರದ ಮೂಗು ನನ್ನ ಕಾಫಿಗೆ ಉದುರಿತೇ? ಚಿಕ್ಕವಳಿದ್ದಾಗಿಂದ ನಿನ್ನದು ಇದೇ ಕಥೆ. ತಾಟು ತೊಳೆದ ಮೇಲೂ ಮೂಸುವವಳು, ನೆಂಟರ ಮನೆಯ ನೀರಿಗೂ ಮೂಗು ಮುರಿಯುವವಳು. ಆಸರಿಗೆ ಕೊಟ್ಟಿದ್ದನ್ನು ಉಗಿಯುವ ಪದ್ಧತಿ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಬಾಯಾರಿ ಬಂದವರಿಗೆ ಕೊಟ್ಟದ್ದು ಕಷಾಯವೋ ಕಾಫಿಯೋ, ಕುಡಿದು ಲೋಟ ಕೆಳಗಿಡಬೇಕು. ನಿಮ್ಮ ಬಾವನ ಅಣ್ಣ ಕುಡಿದರು, ಅತ್ತಿಗೆ ಕುಡಿದರು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನೀನೊಬ್ಬಳು ಓಡಿದೆ. ಅವರ ಎದುರು ನಾನು ಆ ದಿನ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ನಿನಗೆ ಅನ್ನಿಸಿತೇ?

ನನಗೆ ಕಾಫಿಯ ರುಚಿ ಗೊತ್ತಿಲ್ಲ, ಸರಿ. ಎದೆಯುರಿ ಎಂದು ನಾನು ಬಿಟ್ಟು ಬಹಳ ಕಾಲವಾಯಿತು, ಕಷಾಯವೇ ನನಗೆ ಹಿತ. ನಿಮ್ಮ ಬಾವನಿಗೆ ಚಹಾ. ನೆಂಟರು ಬಂದ ದಿನ ಬಿಟ್ಟರೆ ಈ ಮನೆಯಲ್ಲಿ ಕಾಫಿ ಮಾಡುವುದು ಆಯಿಗಾಗಿ, ಆಯಿಗಾಗಿ ಮಾತ್ರ. ಅಪ್ಪಯ್ಯ ಹಾಸನದ ಕಡೆ ಮಾಸ್ತರಿಕೆ ಮಾಡುವಾಗ ಹಿಡಿಸಿದ ಚಟ, ಅದಿಲ್ಲದೆ ಅವಳಿಗೆ ಬೆಳಗಾಗುವುದಿಲ್ಲ ಎಂದು ನಾನು ಕೈಬಿಡದೆ ಮಾಡಿಕೊಡುತ್ತಿದ್ದೇನೆ. ಹೊಟ್ಟೆ ತೊಳಸುವುದು ವಯಸ್ಸಿನ ವಾಯು ಎಂದು ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ.

ಫಿಲ್ಟರ್ ನೋಡಿ ನಿನ್ನ ಹೊಟ್ಟೆ ಉರಿದದ್ದು ನನಗೆ ತಿಳಿಯದೇ? ಅದು ನಿನಗೆ ಬೇಕಿತ್ತು, ಆಯಿಯ ಜೊತೆ ನನ್ನ ಮನೆಗೆ ಬಂತು. ಬಂದಾಗ ಅದರ ಒಳಗೆ ನೋಡಬೇಕಿತ್ತು ನೀನು. ಮಸಿ. ಕರಿ. ಎಷ್ಟು ವರ್ಷದ ಕರೆಯೋ ಏನೋ. ಆಯಿ ಬರೀ ಬಿಸಿನೀರು ಹೊಯ್ದು ಬೋರಲು ಹಾಕುವವಳು. ಹೇಸಿಗೆ ಎಂದರೆ ಅದು. ನಾನು ಮುರುಗಲ ಹುಳಿಯ ಸಿಪ್ಪೆ, ಬೂದಿ, ತೆಂಗಿನ ನಾರು ತಗೊಂಡು ದಿನಾ ಕೂತು ತಿಕ್ಕಿ ಅದರ ಹೊಟ್ಟೆಯೊಳಗೆ ಮುಖ ಕಾಣುವ ಹಾಗೆ ಮಾಡಿದೆ. ಈಗಲೂ ದಿನಾ ತಿಕ್ಕುತ್ತೇನೆ. ಆಯಿಯ ವಸ್ತು ಆಯಿಗೆ ಹೊಸದಾಗಿ ಕಾಣಲಿ ಎಂದು.

ಆಯಿಯನ್ನು ಕಳಿಸುವ ಮಾತು ಎತ್ತಬೇಡ. ಕಾಫಿಯ ಶಾಸ್ತ್ರ ಅಷ್ಟು ಗೊತ್ತಿದ್ದರೆ ಬರೆದು ಕಳಿಸು, ನಾವೂ ಕಲಿಯುತ್ತೇವೆ.

ಶ್ರೀಮತಿ


ಭಟ್ಕಳ
2 ಮೇ 2025

ಅಕ್ಕನಿಗೆ,

ವ್ಯಂಗ್ಯಕ್ಕೆ ಬರೆದೆಯೋ ನಿಜಕ್ಕೆ ಬರೆದೆಯೋ, ನಾನು ನಿಜವೆಂದೇ ತಿಳಿದು ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ಇದನ್ನೇ ಓದುತ್ತಿದ್ದೇನೆ, ಇದನ್ನೇ ಮಾಡಿ ಕುಡಿಯುತ್ತಿದ್ದೇನೆ. ಇಷ್ಟು ಕಾಲ ನಾವು ಕಾಫಿ ಎಂದು ಕುಡಿದದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಪುಡಿಯ ಸಂದಿಯಿಂದ ಇಳಿಯಬೇಕು. ಅದಕ್ಕೆ ನಾವು ಅವಸರ ಮಾಡಬಾರದು. ಕುದಿಯುವ ನೀರನ್ನು ಹಾಗೇ ಸುರಿದರೆ ಪುಡಿ ಇದ್ದಬದ್ದ ಕಹಿಯನ್ನೆಲ್ಲ ಬಿಡುತ್ತದೆ. ಉರಿ ಆರಿಸಿ, ಗುಳ್ಳೆ ಅಡಗಿದ ಮೇಲೆ ಹೊಯ್ಯಿ. ಮೊದಲು ಪುಡಿ ನೆನೆಯುವಷ್ಟೇ ಹೊಯ್ಯಬೇಕು. ಹೊಸ ಪುಡಿಯಾದರೆ ಅದು ಉಸಿರು ಬಿಟ್ಟು ಉಬ್ಬುತ್ತದೆ. ಉಬ್ಬದಿದ್ದರೆ ಅದು ಹಳೆಯ ಪುಡಿ, ಗೊಬ್ಬರಕ್ಕೆ ಹಾಕು. ಉಬ್ಬು ಇಳಿದ ಮೇಲೆ ಉಳಿದ ನೀರು. ತೂತಿನ ತಟ್ಟೆಯಿಂದ ಪುಡಿಯನ್ನು ಗುದ್ದಬೇಡ. ಗುದ್ದಿದರೆ ನೀರು ಒಂದು ಕಡೆ ಕಾಲುವೆ ತೋಡಿಕೊಂಡು ಅಲ್ಲೇ ಇಳಿಯುತ್ತದೆ, ಅಲ್ಲಿನ ಪುಡಿ ಹಿಂಡಿ ಹಿಪ್ಪೆಯಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಅದೇ ಪುಡಿಗೆ ಎರಡನೇ ಸಲ ನೀರು ಹೊಯ್ದು ತೆಗೆಯುತ್ತೀಯಲ್ಲ, ಅದು ಪಾತ್ರೆ ತೊಳೆದ ನೀರು. ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಲೇಬೇಡ. ಹಾಲು ಬಿಸಿ ಇದ್ದರೆ ಸಾಕು.

ಇನ್ನೊಂದು. ಕಾಫಿ ಎಂದರೆ ಕಹಿ ಎಂದುಕೊಂಡಿದ್ದೇವೆ. ಅಲ್ಲ, ಕಾಫಿ ಹುಳಿ. ಅದೂ ಒಂದು ಹಣ್ಣಿನ ಬೀಜವೇ. ಕಪ್ಪಗೆ ಹುರಿದು ಚಿಕೋರಿ ಬೆರೆಸಿ ಆ ಹುಳಿಯನ್ನು ನಾವೇ ಕೊಂದು, ಮೇಲೆ ಸಕ್ಕರೆ ಸುರಿದು ಕುಡಿಯುತ್ತೇವೆ. ನಸುಗೆಂಪಗೆ ಹುರಿದ ಬೀಜದಲ್ಲಿ ಕಿತ್ತಳೆ ಸಿಪ್ಪೆಯಂಥ ತೆಳು ಹುಳಿ ಉಳಿದಿರುತ್ತದೆ, ಆಯಿಯ ರುಚಿಗೆಟ್ಟ ಬಾಯಿಗೆ ಅದೇ ಬೇಕು.

ಚಿಕ್ಕಮಗಳೂರಿನಿಂದ ಅಂಥ ಪುಡಿ ತರಿಸಿದ್ದೇನೆ, ಚಿಕೋರಿ ಇಲ್ಲದ್ದು. ಬೆಳಗಿನ ಕುಮಟಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ, ಬಾವನಿಗೆ ಸ್ಟ್ಯಾಂಡಿಗೆ ಹೋಗಲು ಹೇಳು. ಆಯಿಯ ಆ ಫಿಲ್ಟರಿನಲ್ಲೇ ಮಾಡು, ಅದರ ತೂತು ಸಣ್ಣ, ನಿಧಾನ ಇಳಿಯುತ್ತದೆ. ರಾತ್ರಿ ಹೊಯ್ದಿಟ್ಟು ಬೆಳಗಿನವರೆಗೆ ಹಾಗೇ ಬಿಡು. ತಿಕ್ಕಿ ಸ್ವಚ್ಛ ಇಡುವುದು ಮಾತ್ರ ತಪ್ಪಿಸಬೇಡ.

ಆಯಿ ಹೇಗಿದ್ದಾಳೆ ಬರೆ. ಅವಳ ಮಾತು ಬೇಡ, ನೀನು ಕಂಡದ್ದನ್ನು ಬರೆ.

ಪೂರ್ಣಿಮಾ


ಕುಮಟಾ
24 ಮೇ 2025

ಪೂರ್ಣಿ,

ನಿನ್ನ ಶಾಸ್ತ್ರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಶಾಲೆ ಬಿಟ್ಟ ಮೇಲೆ ಗೋಡೆ ನೋಡಿ ಓದಿದ್ದು ಇದೇ ಮೊದಲು. ಗುಳ್ಳೆ ಅಡಗುವುದನ್ನು ಕಾಯುತ್ತ ನಿಂತರೆ ನಿಮ್ಮ ಬಾವ ಬಂದು, ಬಾಣಂತಿಗೆ ನೀರು ಕಾಸುವವರೂ ಇಷ್ಟು ನೇಮ ಮಾಡುವುದಿಲ್ಲ ಎಂದು ಹಾಸ್ಯ ಮಾಡುತ್ತಾರೆ. ಕಾಫಿ ಹುಳಿಯಂತೆ ಎಂದು ಹೇಳಿದ್ದಕ್ಕೆ, ಹಾಗಾದರೆ ಒಗ್ಗರಣೆ ಹಾಕಿ ಅನ್ನಕ್ಕೆ ಬಡಿಸು ಎಂದರು. ನಾನೂ ನಕ್ಕೆ.

ಆದರೂ ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ, ಒಂದು ದಿನ ತಪ್ಪಿಸದೆ. ಪುಡಿ ಉಬ್ಬುವುದು ಹೌದು. ಮನೆ ತುಂಬ ಪರಿಮಳ ಬಂದದ್ದೂ ಹೌದು. ನನಗೇ ಒಂದು ಗುಟುಕು ಕುಡಿಯೋಣ ಅನ್ನಿಸಿತ್ತು, ಎದೆಯುರಿಯ ನೆನಪಾಗಿ ಬಿಟ್ಟೆ. ನಿನ್ನ ಪುಡಿಯ ಕಾಫಿ ಹಿಡಿದು ಹೋಗಿ ಆಯಿಯ ಮುಂದೆ ನಿಂತೆ. ಕುಡಿದಳು, ಪೂರ್ತಿ ಕುಡಿದಳು. ಹೇಗಿದೆ ಎಂದರೆ, "ಪರಿಮಳ ಇದ್ದು. ಅಡ್ಡಿಲ್ಲೆ" ಎಂದಳು.

ಕಂಡದ್ದನ್ನು ಬರೆ ಎಂದೆಯಲ್ಲ, ಬರೆಯುತ್ತೇನೆ. ಆಯಿ ಇಳಿದುಹೋಗಿದ್ದಾಳೆ. ಮೊದಲು ಬರೀ ತೊಳಸುತ್ತಿತ್ತು, ಈಗ ವಾಂತಿ. ಬಚ್ಚಲಲ್ಲಿ ನೀರಿನ ನಲ್ಲಿ ಬಿಟ್ಟುಕೊಂಡು ಮಾಡುತ್ತಾಳೆ, ನನಗೆ ಕೇಳಬಾರದು ಎಂದು. ಗಂಜಿಯನ್ನೂ ಎರಡು ತುತ್ತಿಗೆ ಬದಿಗೆ ಸರಿಸುತ್ತಾಳೆ. ಗುಳಿಗೆ ಬದಲಾಯಿತು, ಗುಣ ಇಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿಸಿ ಎಂದಿದ್ದಾರೆ. ನನಗೆ ಹೆದರಿಕೆಯಾಗುತ್ತದೆ. ಇದನ್ನು ನಿನಗೆ ಬಿಟ್ಟು ಯಾರಿಗೆ ಹೇಳಲಿ?

ಶ್ರೀಮತಿ


ಭಟ್ಕಳ
16 ಜೂನ್ 2025

ಅಕ್ಕನಿಗೆ,

"ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ" ಎಂದು ನೀನು ಬರೆದದ್ದನ್ನು ನಾನು ನಂಬಲಾರೆ. ಇಲ್ಲಿ ನಾನು ಅದೇ ಪುಡಿ, ಅದೇ ಕ್ರಮದಲ್ಲಿ ನನ್ನ ಸ್ಟೀಲಿನ ಫಿಲ್ಟರಿನಲ್ಲಿ ಮಾಡಿ ಕುಡಿಯುತ್ತೇನೆ. ದೇವರ ಮುಂದೆ ಇಡಬಹುದು, ಹಾಗಿರುತ್ತದೆ. ಅದನ್ನು ಕುಡಿದು ಯಾರಿಗಾದರೂ ವಾಂತಿಯಾದರೆ ಮಾಡಿದ ಕೈಯಲ್ಲೇ ದೋಷ.

ನಿಮ್ಮ ಬಾವಿಯ ನೀರು ನೋಡಿದೆಯಾ? ಬೇಸಗೆಯಲ್ಲಿ ನಿಮ್ಮ ಕೇರಿಯ ಬಾವಿಗಳು ಸವಳಾಗುತ್ತವೆ ಎಂದು ನೀನೇ ಹೇಳುತ್ತಿದ್ದೆ. ಆ ನೀರಿನಲ್ಲಿ ಮಾಡಿರುತ್ತೀಯ. ಇಲ್ಲವೇ ಮಿಕ್ಕಿದ ಡಿಕಾಕ್ಷನ್ ಚೆಲ್ಲಲು ಮನಸ್ಸಾಗದೆ ಸಂಜೆಗೆ ಕುದಿಸಿ ಕೊಟ್ಟಿರುತ್ತೀಯ. ಹಳೆಯ ಹಾಲು, ಇಂಗಿನ ಕೈ, ಒದ್ದೆ ಚಮಚ, ನನಗೆ ಒಂದೊಂದೂ ಕಣ್ಣಿಗೆ ಕಟ್ಟುತ್ತದೆ. ಗೋಡೆಗೆ ಅಂಟಿಸಿದ್ದೀಯಂತೆ. ಅಂಟಿಸಿ ಊದುಬತ್ತಿ ಹಚ್ಚಿದರೆ ಕಾಫಿ ಆಗುತ್ತದೆಯೇ?

ಹೆದರಿಕೆಯಾಗುತ್ತದೆ ಎಂದು ನನಗೆ ಬರೆದೆ. ನನಗೆ ಸಿಟ್ಟು ಬರುತ್ತದೆ. ಆಯಿ ನಿನ್ನ ಕೈಯಲ್ಲಿ ಸಾಯುತ್ತಿದ್ದಾಳೆ, ನೀನು ಪಾತ್ರೆ ಬೆಳಗುತ್ತ ಕೂತಿದ್ದೀಯ. ಬರುವ ಭಾನುವಾರ ಕಾರು ಮಾಡಿಕೊಂಡು ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಪೂರ್ಣಿಮಾ


ಕುಮಟಾ
19 ಜೂನ್ 2025

ಪೂರ್ಣಿಮಾ,

ನಿನ್ನ ಕಾಗದವನ್ನು ಆಯಿಗೆ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ. ಕೇಳಿದ ಮೇಲೆ, "ಆನು ಇಲ್ಲೇ ಇರ್ತೆ. ಅವಳಿಗೆ ಬರೂದು ಬ್ಯಾಡ ಹೇಳಿ ಬರೆ" ಎಂದಳು.

ಬರೆದಿದ್ದೇನೆ.

ಶ್ರೀಮತಿ


ಭಟ್ಕಳ
20 ಜುಲೈ 2025

ಅಕ್ಕ,

ನಿನ್ನೆ ನಾನು ಮಾಡಿದ ಫೋನನ್ನು ನೀನು ಎತ್ತಲಿಲ್ಲ. ಬಾವನಿಗೆ ಮಾಡಿ, ಆಯಿಗೆ ಆ ಫಿಲ್ಟರಿನ ಒಂದು ಹನಿಯನ್ನೂ ಕೊಡಬೇಡಿ, ಅದನ್ನು ಅಡುಗೆಮನೆಯಿಂದಲೇ ಹೊರಗೆ ಹಾಕಿ ಎಂದು ಕೂಗಿದೆ. ಪಾಪ, "ಯಂಗೆ ಎಂತೂ ಅರ್ಥ ಆಗ್ತಿಲ್ಲೆ, ಆದರೆ ತೆಗೆದಿಡ್ತೆ" ಎಂದರು. ಅರ್ಥವಾಗುವ ಹಾಗೆ ಈಗ ಬರೆಯುತ್ತೇನೆ. ಈ ಕಾಗದವನ್ನೂ ಹೊಸ ಸ್ಟೀಲ್ ಫಿಲ್ಟರನ್ನೂ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ.

ನಮ್ಮ ಪಕ್ಕದ ಮನೆಯವರ ಮಗಳ ಮದುವೆ. ದುಬೈಯಿಂದ ಎಲ್ಲರೂ ಬಂದಿದ್ದಾರೆ. ಅಡುಗೆಗೆ ಅಟ್ಟದಿಂದ ಇಳಿಸಿದ ತಾಮ್ರದ ಹಂಡೆಗಳಿಗೆ ಶೆಡ್ಡಿನಲ್ಲಿ ಕಲಾಯಿ ಹಾಕಿಸುತ್ತಿದ್ದರು. ಕಾದ ಹಂಡೆಯೊಳಗೆ ತವರ ಕರಗಿಸಿ ಬಟ್ಟೆಯಲ್ಲಿ ಒರೆಸಿದ ಕೂಡಲೇ ಕೆಂಪು ಹೊಟ್ಟೆ ಬೆಳ್ಳಗಾಗುತ್ತಿತ್ತು. ನೋಡುತ್ತ ನಿಂತೆ. ಮದುಮಗಳ ತಾಯಿ, ಮಸಾಲೆಗೆ ಮೊಸರು ಬೀಳುತ್ತದಲ್ಲ, ಕಲಾಯಿ ಇಲ್ಲದಿದ್ದರೆ ಹುಳಿ ತಾಗಿ ಕಿಲುಬು ಬಿಡುತ್ತದೆ, ಅದು ಹೊಟ್ಟೆಗೆ ವಿಷ ಎಂದರು. ಇದು ನನಗೂ ಗೊತ್ತು, ನಿನಗೂ ಗೊತ್ತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ ಇಡಬಾರದು, ತಂಬುಳಿ ಇಡಬಾರದು ಎಂದು ಲಂಗ ಉಡುವ ವಯಸ್ಸಿನಲ್ಲೇ ಆಯಿ ಕಲಿಸಿದ್ದಳು. ಅಷ್ಟು ಗೊತ್ತಿರುವ ನಮಗೆ ಕಾಫಿಯ ಮೇಲೆ ಸಂಶಯ ಬರಲಿಲ್ಲ, ಏಕೆಂದರೆ ಕಾಫಿಯನ್ನು ಹುಳಿ ಎಂದು ನಮ್ಮಲ್ಲಿ ಯಾರೂ ಎಣಿಸಿಲ್ಲ.

ನಾನು ಎಣಿಸಿದ್ದೆ. ನಿನಗೆ ಕಾಗದ ಬರೆದು ಪಾಠ ಹೇಳಿದ್ದೆ.

ಆಯಿಯ ಫಿಲ್ಟರಿನ ಒಳಗಿದ್ದ ಆ ಕಪ್ಪು, ಕಲಾಯಿಯ ಮೇಲೆ ಕೂತ ಕಾಫಿ ಕರೆ. ಕಲಾಯಿ ಉಳಿಯಲಿ ಎಂದೇ ಅವಳು ತಿಕ್ಕುತ್ತಿರಲಿಲ್ಲ ಎಂದು ಕಾಣುತ್ತದೆ. ನೀನು ಮುರುಗಲ ಸಿಪ್ಪೆ ಹಾಕಿ ತಿಕ್ಕಿದಾಗ ಕರೆಯ ಜೊತೆ ಕಲಾಯಿಯೂ ಹೋಯಿತು. ಬಂಗಾರದ ಹಾಗೆ ಹೊಳೆದದ್ದು ಬರಿ ಹಿತ್ತಾಳೆ. ನಾನು ಅದನ್ನು ನೋಡಿ ಹೊಗಳಿದೆ. ಬೀಗದ ಕೈ ಬಾಯಲ್ಲಿಟ್ಟ ಹಾಗೆ ಆಯಿತು ಎಂದು ಬರೆದವಳೂ ನಾನೇ. ಆದರೂ ಪುಡಿ ಬೈದೆ, ನೀರು ಬೈದೆ, ನಿನ್ನ ಕೈ ಬೈದೆ.

ನಿನ್ನ ಹಳೆಯ ಕಾಫಿಯೇ ವಾಸಿ ಇತ್ತು ಅಕ್ಕ. ಕಪ್ಪಗೆ ಹುರಿದ ಪುಡಿ, ಅರ್ಧ ಚಿಕೋರಿ, ಹುಳಿ ಕಡಿಮೆ. ಇಳಿದ ಕೂಡಲೇ ನೀನು ಬೇರೆ ಪಾತ್ರೆಗೆ ಹಾಕಿ ಕುದಿಸುತ್ತಿದ್ದೆ. ನಾನು ಹುಳಿ ಹೆಚ್ಚಿರುವ ಪುಡಿ ಹುಡುಕಿ ಕಳಿಸಿದೆ, ಅದನ್ನು ರಾತ್ರಿಯಿಡೀ ಆ ಹಿತ್ತಾಳೆಯಲ್ಲೇ ಬಿಡು ಎಂದೆ. ಅಲ್ಲಿಂದ ಮೇಲೇ ಆಯಿಗೆ ವಾಂತಿ ಶುರುವಾಯಿತು. ನೀನು ಕಂಡದ್ದನ್ನು ಕಂಡ ಹಾಗೆ ಬರೆದೆ. ನಾನು ನಿನ್ನ ಕೈಯಲ್ಲಿ ದೋಷ ಎಂದೆ.

ಜೀವಮಾನವಿಡೀ ಎಲ್ಲರ ಅನ್ನ ನೀರಿಗೆ ಮೂಗು ಮುರಿದವಳು ನಾನು. ಈಗ ನನ್ನ ಮೇಲೇ ಹೇಸಿಗೆಯಾಗುತ್ತಿದೆ. ಬೆಳಿಗ್ಗೆ ಕಾಫಿ ಮಾಡಿ ಮೂಸಿ ಹಾಗೇ ಮೋರಿಗೆ ಚೆಲ್ಲಿದೆ.

ಡಾಕ್ಟರಿಗೆ ಇದನ್ನೆಲ್ಲ ಹೇಳು. ನಾನೇ ಬರಬೇಕಿತ್ತು. ಆಯಿ ಬೇಡ ಎಂದಿದ್ದಾಳೆ, ಮುಖವೂ ಇಲ್ಲ.

ಪೂರ್ಣಿ


ಕುಮಟಾ
4 ಆಗಸ್ಟ್ 2025

ಪೂರ್ಣಿ,

ನಿನ್ನ ಕಾಗದ ಓದಿದ ದಿನ, ನಿಮ್ಮ ಬಾವ ತೆಗೆದಿಟ್ಟ ಫಿಲ್ಟರನ್ನು ಹೊರಗೆ ತಂದೆ. ತಳದಲ್ಲಿ ನಿನ್ನ ಫೋನಿಗೆ ಮೊದಲು ಇಳಿದ ಡಿಕಾಕ್ಷನ್ ಹಾಗೇ ಇತ್ತು. ಇಷ್ಟು ದಿನ ಆಯಿಗೆ ಏನು ಕೊಟ್ಟೆ ಎಂದು ನನಗೆ ಗೊತ್ತಾಗಬೇಕಿತ್ತು. ಬಿಸಿ ಹಾಲು ಬೆರೆಸಿಕೊಂಡು, ಆಯಿ ಕುಡಿಯುವ ಲೋಟದಲ್ಲೇ ಹಾಕಿಕೊಂಡು ಕುಡಿದೆ. ಎರಡನೇ ಗುಟುಕಿಗೆ ಲೋಟ ಕೆಳಗಿಟ್ಟೆ. ಹಿತ್ತಿಲಿಗೆ ಓಡಿದೆ. ನೀನು ಉಗಿದ ಅದೇ ಬಾಳೆಯ ಬುಡ.

ವಾಂತಿ ಮಾಡುವಾಗ ಯಾರೋ ಹಣೆ ಹಿಡಿದುಕೊಂಡರು. ತಿರುಗಿ ನೋಡಿದರೆ ಆಯಿ. ಗೋಡೆ ಹಿಡಿದು ನಡೆಯುವವಳು ಅಂಗಳ ದಾಟಿ ಬಂದಿದ್ದಳು. ಚಿಕ್ಕವರಿದ್ದಾಗ ಹಿಡಿಯುತ್ತಿದ್ದಳಲ್ಲ, ಹಾಗೇ ಹಿಡಿದುಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ.

ದಿನಾ ಅದರ ಮುಂದೆ ಕೂತು ತಿಕ್ಕುತ್ತಿದ್ದೆ ಪೂರ್ಣಿ. ಕೈ ಸವೆಯುವ ಹಾಗೆ. ಆಯಿಗೆ ನಾನು ಇದಕ್ಕಿಂತ ಹೆಚ್ಚು ಬೇರೆ ಎಂತ ಮಾಡುವುದಿತ್ತು? ನೀನು ಸೀರೆ ತರುತ್ತೀಯ, ಹಣ್ಣು ತರುತ್ತೀಯ, ನಗಿಸುತ್ತೀಯ. ನನಗೆ ಮಾತು ಬರುವುದಿಲ್ಲ. ಪಾತ್ರೆ ಬೆಳಗುವುದು ಬರುತ್ತದೆ.

ಡಾಕ್ಟರಿಗೆ ಹೇಳಿದೆ. ಇದ್ದರೂ ಇರಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರು, ಆ ಪಾತ್ರೆ ಮುಟ್ಟಲೇಬೇಡಿ ಎಂದರು. ನಳಿಗೆಯ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ವಾಂತಿ ನಿಂತಿದೆ. ನಿನ್ನೆ ಗಂಜಿಯ ಜೊತೆ ಮಾವಿನ ಮಿಡಿ ಕೇಳಿ ಹಾಕಿಸಿಕೊಂಡಳು.

ನಿನ್ನ ಸ್ಟೀಲಿನ ಫಿಲ್ಟರ್ ಕಟ್ಟು ಬಿಚ್ಚದೆ ಇಟ್ಟಿದ್ದೇನೆ. ಇನ್ನು ನಾನು ಕಾಫಿ ಮಾಡಲಾರೆ, ನನ್ನ ಕೈ ನನಗೇ ಹೇಸಿಗೆಯಾಗುತ್ತದೆ. ನೀನು ಬಂದು ಕರೆದುಕೊಂಡು ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ.

ಶ್ರೀಮತಿ


ಕುಮಟಾ
22 ಆಗಸ್ಟ್ 2025

ಚಿ. ಪೂರ್ಣಿಮಾಳಿಗೆ ಆಯಿಯ ಆಶೀರ್ವಾದ.

ಅಕ್ಷರ ಸೊಟ್ಟ ಇದೆ. ಇದನ್ನು ಅಂಚೆಗೆ ಹಾಕುವ ಮೊದಲು ಶ್ರೀಮತಿ ಓದುತ್ತಾಳೆಂದು ಗೊತ್ತು. ಓದಲಿ. ಇಬ್ಬರಿಗೂ ಸೇರಿಯೇ ಬರೆಯುತ್ತಿದ್ದೇನೆ.

ನಿನ್ನ ಕಾಗದಗಳನ್ನೆಲ್ಲ ಓದಿಸಿಕೊಂಡೆ, ತಾನು ಬರೆದದ್ದನ್ನೂ ಶ್ರೀಮತಿ ಬಾಯಲ್ಲಿ ಹೇಳಿದಳು. ಒಬ್ಬಳು ತನ್ನ ಕೈ ಹೇಸಿಗೆ ಎನ್ನುತ್ತಾಳೆ, ಒಬ್ಬಳು ತಾನೇ ಹೇಸಿಗೆ ಎನ್ನುತ್ತಾಳೆ. ಫಿಲ್ಟರನ್ನು ತಿಕ್ಕದೆ ಇಡುವುದು ನನಗೆ ರೂಢಿ ಅಷ್ಟೇ, ಕಿಲುಬು ಎಂದು ನನಗೂ ಹೊಳೆಯಲಿಲ್ಲ. ಆದರೆ ಕಾಫಿ ಕೆಟ್ಟದಾಗಿದೆ ಎಂದು ಮೊದಲ ದಿನವೇ ಗೊತ್ತಾಗಿತ್ತು. ಶ್ರೀಮತಿ ಲೋಟ ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅಡ್ಡಿಲ್ಲೆ ಎಂದೆ. ಆಮೇಲೆ ಪೂರ್ಣಿಯ ಪುಡಿ ಬಂತು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಆದರೆ ಆಗ ಅದು ಇಬ್ಬರು ಮಕ್ಕಳೂ ಸೇರಿ ಮಾಡಿದ ಕಾಫಿ ಆಗಿತ್ತು. ನೀವಿಬ್ಬರೂ ಸೇರಿ ಏನನ್ನಾದರೂ ಮಾಡಿ ಎಷ್ಟು ಕಾಲವಾಗಿತ್ತು? ಚೆಲ್ಲಲು ಮನಸ್ಸಾಗಲಿಲ್ಲ.

ಇನ್ನೊಂದು ಮಾತು ಇದೆ, ಅದನ್ನೂ ಬರೆದುಬಿಡುತ್ತೇನೆ. ಪೂರ್ಣಿ, ನೀನು ಹೇಸಿಗೆ ಎಂದು ಉಗಿದೆ, ಬಸ್ಸು ಹತ್ತಿ ನಿನ್ನ ಮನೆಗೆ ಹೋದೆ. ನಾನು ಉಗಿದಿದ್ದರೆ ಎಲ್ಲಿಗೆ ಹೋಗಲಿ? ಹೊನ್ನಾವರದ ಮನೆಯ ಬೀಗದ ಕೈ ಬಾಡಿಗೆಯವರ ಹತ್ತಿರ ಇದೆ. ಭಟ್ಕಳಕ್ಕೆ ಬಂದಿದ್ದರೂ ನಿನ್ನ ಮನೆಯಲ್ಲಿ ಅಡ್ಡಿಲ್ಲೆ ಎಂದೇ ಹೇಳುತ್ತಿದ್ದೆ. ಅಪ್ಪಯ್ಯ ಇದ್ದಾಗ, ಒಲೆ ನನ್ನದಾಗಿದ್ದಾಗ, ಈ ಮಾತು ಬಾಯಿರೂಢಿ. ಈಗ ಹಾಗಲ್ಲ. ಮಕ್ಕಳ ಮನೆಯಲ್ಲಿ ಇರುವವಳು ಅದು ಚಲೋ ಇಲ್ಲ ಇದು ಚಲೋ ಇಲ್ಲ ಎನ್ನಲು ಹೆದರುತ್ತಾಳೆ. ನನ್ನ ಹೊಟ್ಟೆ ಕೆಡಿಸಿದ್ದರಲ್ಲಿ ಆ ಹೆದರಿಕೆಯ ಪಾಲೂ ಇದೆ. ನೀವಿಬ್ಬರೇ ಹೊತ್ತುಕೊಳ್ಳಬೇಡಿ.

ಚೌತಿಗೆ ಬಾ. ಬರಬೇಡ ಎಂದದ್ದು ಆ ದಿನದ ಸಿಟ್ಟು. ಹಬ್ಬ ಮುಗಿದ ಮೇಲೆ ಫಿಲ್ಟರನ್ನು ತೆಗೆದುಕೊಂಡು ಹೋಗಿ ನಿಮ್ಮ ಭಟ್ಕಳದಲ್ಲಿ ಕಲಾಯಿ ಹಾಕಿಸು. ಆಮೇಲೆ ಅದು ಯಾರ ಮನೆಯಲ್ಲಿದ್ದರೂ ಒಂದೇ. ಒಳಗೆ ಕಪ್ಪಾದರೆ ಕಪ್ಪಾಗಲಿ, ಯಾರೂ ತಿಕ್ಕಬೇಡಿ.

ಸ್ಟೀಲಿನ ಫಿಲ್ಟರಿನ ಕಟ್ಟನ್ನು ನಾನೇ ಬಿಚ್ಚಿ ಶ್ರೀಮತಿಯ ಮುಂದೆ ಇಟ್ಟೆ. ಗೋಡೆಯ ಮೇಲಿನ ಶಾಸ್ತ್ರ ಹರಿದಿದ್ದಳು, ನೆನಪಿನಿಂದಲೇ ಮಾಡಿದಳು. ನಿನ್ನೆ ಸಂಜೆ ಲೋಟ ಕೊಟ್ಟು ಮುಖ ನೋಡುತ್ತ ನಿಂತಳು. ಕುಡಿದು ನೋಡಿದೆ. ನೀರು ಹೆಚ್ಚಾಗಿತ್ತು, ಹಾಲು ಆರಿತ್ತು. ಹಾಗೆಂದು ಹೇಳಿದೆ. ಅವಳು ಲೋಟ ಒಳಗೆ ತೆಗೆದುಕೊಂಡು ಹೋಗಿ, ಚೆಲ್ಲಿ, ಇನ್ನೊಂದು ಮಾಡಿ ತಂದಳು.

ನಿನ್ನ ಆಯಿ,
ಮಹಾಲಕ್ಷ್ಮೀ